ಪ್ರಮೋಷನ್ ಬೇಕೇ? ಮೊದಲು ಗೊರಕೆಯ ಲೆಕ್ಕ ಕೊಡಿ

ಬೆಳಗ್ಗೆ ಒಂಬತ್ತೂವರೆ. ಪುಣೆಯ ಹಿಂಜವಡಿ ಫೇಸ್ 2ರ ಆಫೀಸು. ಸ್ಟ್ಯಾಂಡ್‌ಅಪ್ ಮೀಟಿಂಗ್ ನಡೆಯುತ್ತಿತ್ತು. ಹೆಸರಿಗೆ ಸ್ಟ್ಯಾಂಡ್‌ಅಪ್, ಎಲ್ಲರೂ ಕೂತೇ ಇದ್ದೆವು. ನನ್ನ ಸರದಿಗೆ ಇನ್ನೂ ಇಬ್ಬರಿದ್ದಾರೆ ಅನ್ನುವಷ್ಟರಲ್ಲಿ ಗದ್ದ ಎದೆಗೆ ತಾಗಿತು. ಪಕ್ಕದವನು ಮೊಣಕೈಯಲ್ಲಿ ತಿವಿದ. ಕಣ್ಣು ಬಿಟ್ಟರೆ ಸ್ಕ್ರೀನಿನ ಮೇಲೆ ನನ್ನದೇ ಟಿಕೆಟ್, ಮೂರು ದಿನದಿಂದ ‘ಇನ್ ಪ್ರೋಗ್ರೆಸ್’. “ರಾತ್ರಿ ನಿದ್ದೆ ಮಾಡಲಿಲ್ಲವಾ?” ಅಂದರು ಮ್ಯಾನೇಜರ್. ಮಾಡಿದ್ದೆ. ಎಂಟು ಗಂಟೆ, ಗಡದ್ದಾಗಿ. ಆಗ ನನ್ನ ತೂಕ 92 ಕೆ.ಜಿ.

ನಾನು ಮಾಡಿದ್ದನ್ನು ನೀವು ಮಾಡಬೇಡಿ. ನನ್ನನ್ನು ನಾನೇ ಸೋಮಾರಿ ಅಂತ ಬೈದುಕೊಂಡು ಎರಡು ವರ್ಷ ಹಾಳು ಮಾಡಿದೆ. ಮೂರು ಅಲಾರಾಂ, ತಣ್ಣೀರು ಸ್ನಾನ, ನಸುಕಿನ ಐದಕ್ಕೆ ಏಳುವ ವ್ರತ, ಮಗ್ಗಟ್ಟಲೆ ಕಾಫಿ. ಒಂದೂ ಉಪಯೋಗಕ್ಕೆ ಬರಲಿಲ್ಲ. ರಾತ್ರಿ ನಿದ್ದೆಯಲ್ಲಿ ಗಂಟೆಗೆ ಮೂವತ್ತಕ್ಕೂ ಹೆಚ್ಚು ಸಲ ಉಸಿರು ಕಟ್ಟುತ್ತಿದ್ದರೆ ಬೆಳಗಿನ ವ್ರತ ಏನು ಮಾಡೀತು? ಇದರ ಹೆಸರು ಸ್ಲೀಪ್ ಆಪ್ನಿಯಾ. ಕುತ್ತಿಗೆ, ಹೊಟ್ಟೆ ದಪ್ಪ ಆದಷ್ಟೂ ಇದು ಬಲಿಯುತ್ತದೆ. ಇದು ಬಲಿತಷ್ಟೂ ಹೊಟ್ಟೆ ಬೆಳೆಯುತ್ತದೆ. ಗಂಟು ಬಿಚ್ಚಲು ಬರುತ್ತದೆ. ಶುರು ಮಾಡಿ.

1. ‘ಸೋಮಾರಿ’ ಅನ್ನುವ ಮುಂಚೆ ಮಾರ್ಕ್ಸ್ ಹಾಕಿಕೊಳ್ಳಿ

ಎಪ್‌ವರ್ತ್ ಸ್ಕೇಲ್ ಅಂತ ಒಂದು ಪುಟ್ಟ ಪ್ರಶ್ನಾವಳಿ ಇದೆ. ಮೆಲ್ಬರ್ನ್‌ನ ವೈದ್ಯ ಮರ್ರೆ ಜಾನ್ಸ್ 1991ರಲ್ಲಿ ಪ್ರಕಟಿಸಿದ್ದು. ಓದುವಾಗ, ಟಿವಿ ನೋಡುವಾಗ, ಸಭೆಯಲ್ಲಿ ಸುಮ್ಮನೆ ಕೂತಾಗ, ಒಂದು ಗಂಟೆ ಕಾರಿನಲ್ಲಿ ಪ್ರಯಾಣಿಸುವಾಗ ನಿಮಗೆ ತೂಕಡಿಕೆ ಬರುವ ಸಂಭವ ಎಷ್ಟು? ಹೀಗೆ ಎಂಟು ಸನ್ನಿವೇಶ. ಒಂದೊಂದಕ್ಕೂ 0ಯಿಂದ 3 ಅಂಕ, ಒಟ್ಟು 24. ಹತ್ತು ದಾಟಿದರೆ ವೈದ್ಯರ ಬಳಿ ಹೋಗಿ. ನನ್ನದು 17 ಬಂತು. ಕಾಲೇಜಿನ ಯಾವ ಪರೀಕ್ಷೆಯಲ್ಲೂ ಅಷ್ಟು ಪರ್ಸೆಂಟೇಜ್ ಬಂದಿರಲಿಲ್ಲ.

ಮಧ್ಯಾಹ್ನ ಒಂದರಿಂದ ನಾಲ್ಕು ಪುಣೆಯವರು ಅಂಗಡಿ ಮುಚ್ಚಿ ಮಲಗುತ್ತಾರೆ ಅನ್ನುವ ಜೋಕು ನಿಮಗೂ ಗೊತ್ತು. ಊಟದ ಮೇಲಿನ ಆ ಜೋಂಪು ಊರಿನ ಸಂಪ್ರದಾಯ, ಬಿಡಿ. ಸಿಗ್ನಲ್‌ನಲ್ಲಿ ಗಾಡಿ ನಿಂತ ಅರ್ಧ ನಿಮಿಷಕ್ಕೂ ಜೋಂಪು ಹತ್ತುತ್ತಿದೆಯೇ? ಅದನ್ನು ಬರೆದಿಟ್ಟುಕೊಳ್ಳಿ.

2. ರಾತ್ರಿಗೆ ಒಬ್ಬ ಸಾಕ್ಷಿ ಹುಡುಕಿ

ಈ ಕಾಯಿಲೆ ಬಂದವನಿಗೆ ಇದು ಕೊನೆಗೆ ಗೊತ್ತಾಗುತ್ತದೆ. ಮೊದಲು ಗೊತ್ತಾಗುವುದು ಪಕ್ಕದಲ್ಲಿ ಮಲಗಿದವರಿಗೆ. ನನ್ನ ರೂಮ್‌ಮೇಟ್ ಬೆಳಗಾವಿ ಕಡೆಯವನು. ಒಂದು ದಿನ ನಾಷ್ಟಾ ಹೊತ್ತಿಗೆ, “ಲೇ, ರಾತ್ರಿ ನೀ ಹೋಗೇಬಿಟ್ಟಿ ಅಂತ ತಿಳಿದಿದ್ದೆ ನೋಡಪಾ” ಅಂದ. ನಕ್ಕೆ. ಅವನು ನಗಲಿಲ್ಲ. ಪೋಹೆಯ ತಟ್ಟೆ ಪಕ್ಕಕ್ಕಿಟ್ಟು ಫೋನಿನ ರೆಕಾರ್ಡಿಂಗ್ ಹಾಕಿದ.

ಮೊದಲು ಗರಗಸ ಎಳೆದಂಥ ಗೊರಕೆ. ಏರುತ್ತಾ ಹೋಗಿ ಗಕ್ಕನೆ ನಿಂತಿತು. ಆಮೇಲೆ ಫ್ಯಾನಿನ ಸದ್ದು. ಕೆಳಗೆ ರಸ್ತೆಯಲ್ಲಿ ಒಂದು ನಾಯಿ ಬೊಗಳಿತು. ನಾನು ಸೆಕೆಂಡು ಎಣಿಸಿದೆ, ಇಪ್ಪತ್ತೆರಡು. ಬಾವಿಯಲ್ಲಿ ಮುಳುಗಿದವನು ಮೇಲೆ ಬಂದು ಗಾಳಿ ಎಳೆದುಕೊಂಡ ಹಾಗೆ ಒಂದು ದೊಡ್ಡ ‘ಹಕ್’. ಮತ್ತೆ ಗರಗಸ.

ಇವತ್ತು ರಾತ್ರಿಯೇ ರೆಕಾರ್ಡ್ ಮಾಡಿ. ಕೇಳುವಾಗ ಗೊರಕೆಗಿಂತ ನಡುವಿನ ಮೌನಕ್ಕೆ ಕಿವಿ ಕೊಡಿ. ಹತ್ತು ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಉಸಿರಾಟ ನಿಂತರೆ ಅದನ್ನು ಆಪ್ನಿಯಾ ಎಂದು ಎಣಿಸುತ್ತಾರೆ. ಹೆಂಡತಿ “ರೀ, ಉಸಿರೇ ನಿಂತಂಗಾಗಿತ್ತು” ಅಂದರೆ ವಾದಕ್ಕಿಳಿಯಬೇಡಿ. ಇನ್ನಷ್ಟು ಸುಳಿವುಗಳಿವೆ: ಎದ್ದಾಗ ಬಾಯಿ ಒಣಗಿರುವುದು, ಬೆಳಗಿನ ತಲೆನೋವು, ರಾತ್ರಿ ಎರಡು ಮೂರು ಸಲ ಮೂತ್ರಕ್ಕೆ ಏಳುವುದು, ಮೂವತ್ತರ ಹರೆಯದಲ್ಲೇ ಬಿಪಿ.

ಹೆಣ್ಣುಮಕ್ಕಳೇ, ಇದು ಗಂಡಸರ ಕಾಯಿಲೆ ಅಂತ ಪುಟ ತಿರುಗಿಸಬೇಡಿ. ನಿಮ್ಮಲ್ಲಿ ಗೊರಕೆಗಿಂತ ಸುಸ್ತು, ನಿದ್ದೆ ಬಾರದಿರುವುದು, ಬೆಳಗಿನ ತಲೆಭಾರವೇ ಮುಂದೆ ಕಾಣಬಹುದು. ‘ಟೆನ್ಷನ್ ಇರಬೇಕು’ ಅಂತ ಮನೆಯವರೂ ಡಾಕ್ಟರೂ ಸೇರಿ ಮುಗಿಸಿಬಿಡುತ್ತಾರೆ. ಮುಟ್ಟು ನಿಂತ ಮೇಲೆ ಅಪಾಯ ಇನ್ನೂ ಏರುತ್ತದೆ. ಟೆಸ್ಟ್ ಬೇಕು ಅಂತ ಬಾಯಿಬಿಟ್ಟು ಕೇಳಿ.

3. ಒಳಗೆ ಏನಾಗುತ್ತಿದೆ, ತಿಳಿದುಕೊಳ್ಳಿ

ಬಗ್ ಎಲ್ಲಿದೆ ಅಂತ ಗೊತ್ತಿಲ್ಲದೆ ಕೋಡ್ ತಿದ್ದುವವರಲ್ಲ ನೀವು. ದೇಹಕ್ಕೂ ಅದೇ ನಿಯಮ ಇಟ್ಟುಕೊಳ್ಳಿ.

ಗಂಟಲು ಮೆತ್ತನೆಯ ಕೊಳವೆ. ಎಚ್ಚರವಿದ್ದಾಗ ಸ್ನಾಯುಗಳು ಅದನ್ನು ತೆರೆದಿಟ್ಟಿರುತ್ತವೆ, ನಿದ್ದೆ ಬಂದಾಗ ಸಡಿಲ ಬಿಡುತ್ತವೆ. ತೂಕ ಏರಿದಾಗ ಕೊಬ್ಬು ಸೊಂಟದಲ್ಲಷ್ಟೇ ಕೂರುವುದಿಲ್ಲ. ಕುತ್ತಿಗೆಯ ಒಳಭಾಗಕ್ಕೆ, ಗಂಟಲಿನ ಗೋಡೆಗೆ, ನಾಲಿಗೆಗೂ ಸೇರುತ್ತದೆ. ಹೌದು, ನಾಲಿಗೆಗೂ ಬೊಜ್ಜು ಬರುತ್ತದೆ! ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಎಂಆರ್‌ಐ ಅಧ್ಯಯನದಲ್ಲಿ, ತೂಕ ಇಳಿಸಿದವರ ಉಸಿರಾಟ ಸುಧಾರಿಸಿದ್ದಕ್ಕೆ ಎಲ್ಲಕ್ಕಿಂತ ಹೆಚ್ಚು ನಂಟು ಕಂಡದ್ದು ನಾಲಿಗೆಯ ಕೊಬ್ಬು ಕರಗಿದ್ದಕ್ಕೆ.

ಹೊಟ್ಟೆಯ ಕಿತಾಪತಿ ಬೇರೆ. ಅಂಗಾತ ಮಲಗಿದಾಗ ಅದು ವಪೆಯನ್ನು ಮೇಲಕ್ಕೆ ದಬ್ಬುತ್ತದೆ. ಶ್ವಾಸಕೋಶಕ್ಕೆ ಜಾಗ ಕಡಿಮೆಯಾಗುತ್ತದೆ, ಶ್ವಾಸನಾಳವನ್ನು ಕೆಳಕ್ಕೆ ಎಳೆದು ಹಿಡಿದಿದ್ದ ಬಿಗಿ ತಪ್ಪುತ್ತದೆ. ಎಳೆದು ಹಿಡಿದ ಅಂಗಿಯ ತೋಳು ಕೊಳವೆಯ ಹಾಗೆ ನಿಲ್ಲುತ್ತದೆ. ಬಿಟ್ಟು ನೋಡಿ, ಮುದುಡಿಕೊಳ್ಳುತ್ತದೆ. ಗಂಟಲಿಗೂ ಅದೇ ಗತಿ.

ಗಾಳಿ ನಿಂತರೆ ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಮಿದುಳು ಗಾಬರಿಯಾಗಿ ಅಡ್ರಿನಲಿನ್ ಸುರಿಸಿ ನಿಮ್ಮನ್ನು ಕೆಲವು ಸೆಕೆಂಡು ಎಬ್ಬಿಸುತ್ತದೆ. ಬೆಳಗ್ಗೆ ಅದರ ನೆನಪು ಇರುವುದಿಲ್ಲ. ಗಂಟೆಗೆ ಮೂವತ್ತು ಸಲ ಅಂದರೆ ಏಳು ಗಂಟೆಗೆ ಇನ್ನೂರಹತ್ತು ಸಲ. ಅಷ್ಟು ಸಲ ಯಾರಾದರೂ ಭುಜ ಅಲುಗಾಡಿಸಿ ಎಬ್ಬಿಸಿದ್ದರೆ ಬೆಳಗ್ಗೆ ನೀವು ಆಫೀಸಿಗೆ ಹೋಗುವ ಬದಲು ಪೊಲೀಸ್ ಠಾಣೆಗೆ ಹೋಗುತ್ತಿದ್ದಿರಿ.

4. ತೂಕದ ಯಂತ್ರವನ್ನು ಅರ್ಧ ನಂಬಿ, ಟೇಪನ್ನು ಪೂರ್ತಿ ನಂಬಿ

‘ನಾನೇನು ಅಷ್ಟು ದಪ್ಪ ಇಲ್ಲವಲ್ಲ’ ಅನ್ನುತ್ತಿದ್ದೀರಾ? ಈ ಮಾತಿಗೆ ಉತ್ತರ ಪುಣೆಯಿಂದಲೇ ಬಂದಿದೆ. ಇಲ್ಲಿನ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಅವರ ಹೆಸರು ಮಧುಮೇಹ ಸಂಶೋಧನೆಯಲ್ಲಿ ದೊಡ್ಡದು. 2004ರಲ್ಲಿ ಅವರೂ ಬ್ರಿಟನ್ನಿನ ಜಾನ್ ಯುಡ್ಕಿನ್ ಅವರೂ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮಿಬ್ಬರದೇ ಫೋಟೊ ಹಾಕಿ ಒಂದು ಪುಟ್ಟ ಟಿಪ್ಪಣಿ ಪ್ರಕಟಿಸಿದರು. ಇಬ್ಬರ ಬಿಎಂಐ ಒಂದೇ, 22.3. ಯುಡ್ಕಿನ್ ದೇಹದಲ್ಲಿ ಕೊಬ್ಬು ಶೇ 9.1. ಯಾಜ್ಞಿಕ್ ದೇಹದಲ್ಲಿ ಶೇ 21.2. ಇಬ್ಬರ ಹೆಸರಿನ ಮೊದಲಕ್ಷರದಿಂದ ಅದಕ್ಕೆ ‘ವೈ-ವೈ ಪ್ಯಾರಡಾಕ್ಸ್’ ಅಂತ ಹೆಸರಾಯಿತು. ನೋಡಲು ಸಣಕಲು, ಒಳಗೆ ಕೊಬ್ಬು. ನಮ್ಮ ಜನರ ಮೈಕಟ್ಟಿನ ಗುಟ್ಟು ಅದು. ಒಬ್ಬ ವಿಜ್ಞಾನಿ ತನ್ನ ಹೊಟ್ಟೆಯನ್ನೇ ಸಾಕ್ಷಿಯಾಗಿ ಮುಂದಿಟ್ಟ ಆ ಪುಟ ನನಗೆ ಬಹಳ ಇಷ್ಟ.

ಅದಕ್ಕೇ ಭಾರತೀಯರಿಗೆ ಗೆರೆ ಕೆಳಗಿದೆ. ಬಿಎಂಐ 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಮೀರಬಾರದು. ಕುತ್ತಿಗೆಯನ್ನೂ ಅಳೆಯಿರಿ. ಸರ್ಜರಿಗೆ ಮುಂಚೆ ಕೇಳುವ ‘ಸ್ಟಾಪ್-ಬ್ಯಾಂಗ್’ ಪ್ರಶ್ನಾವಳಿಯಲ್ಲಿ 40 ಸೆಂ.ಮೀ. ಮೀರಿದ ಕುತ್ತಿಗೆಗೆ ಒಂದು ಅಂಕ ಇದೆ. ಟೇಪ್ ಇಲ್ಲವೇ? 16ರ ಕಾಲರ್‌ಗೆ ಮೇಲಿನ ಗುಂಡಿ ಹಾಕಲು ಬರುತ್ತಿಲ್ಲ ಅಂದರೆ ಲೆಕ್ಕ ಸಿಕ್ಕಿತು.

ತೆಳ್ಳಗಿದ್ದೂ ಉಸಿರು ಕಟ್ಟುವವರಿದ್ದಾರೆ. ಸಣ್ಣ ದವಡೆ, ದೊಡ್ಡ ಟಾನ್ಸಿಲ್ ಕಾರಣ ಇರಬಹುದು. ಅವರೂ ಆರನೇ ಸೂತ್ರಕ್ಕೆ ಹೋಗಿ.

5. ರಾತ್ರಿ ಹನ್ನೊಂದೂವರೆಯ ವಡಾಪಾವ್‌ಗೆ ನಿಮ್ಮ ಕ್ಯಾರೆಕ್ಟರನ್ನು ಬೈಯಬೇಡಿ

ಅಮೆರಿಕದ ಕ್ಲೈಂಟ್ ಕಾಲ್ ಮುಗಿಯುವುದು ಹನ್ನೊಂದಕ್ಕೆ. ಗೇಟಿನಾಚೆ ಎಣ್ಣೆಯ ಬಾಣಲೆ, ಪೇಪರಿನ ಮೇಲೆ ಬಿಸಿ ವಡಾ, ಪಕ್ಕದಲ್ಲಿ ಉಪ್ಪು ಸವರಿದ ಹಸಿಮೆಣಸು, ಕೆಂಪು ಬೆಳ್ಳುಳ್ಳಿ ಚಟ್ನಿ ಪುಡಿ. ಒಂದು ಅಂತ ಹೋದವರು ಮೂರು ತಿನ್ನುತ್ತೇವೆ. ರೂಮಿಗೆ ಬಂದರೆ ಊರಿಂದ ಅವ್ವ ಕಳಿಸಿದ ಗೋಕಾಕದ ಕರದಂಟಿನ ಡಬ್ಬಿ. ‘ನನಗೆ ಕಂಟ್ರೋಲ್ ಇಲ್ಲ’ ಅಂತ ನಿಮ್ಮ ಮೇಲೆ ನಿಮಗೇ ಅನುಮಾನ.

ಆ ಅನುಮಾನ ಬರೀ ಅಭ್ಯಾಸ, ಬಿಟ್ಟುಬಿಡಿ. ನಿದ್ದೆ ಕೆಟ್ಟವನ ದೇಹದಲ್ಲಿ ಹಸಿವು ಹುಟ್ಟಿಸುವ ಗ್ರೆಲಿನ್ ಹಾರ್ಮೋನು ಏರುತ್ತದೆ, ಸಾಕು ಅನ್ನುವ ಲೆಪ್ಟಿನ್‌ನ ಮಾತು ನಡೆಯುವುದಿಲ್ಲ. ಬಳಲಿದ ಮಿದುಳು ಸಿಹಿಯನ್ನೂ ಕರಿದದ್ದನ್ನೂ ಬೇಡುತ್ತದೆ. ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಸುಸ್ತಾದವನು ಲಿಫ್ಟ್ ಹತ್ತುತ್ತಾನೆ. ಹೀಗೆ ತೂಕ ಏರಿ, ಉಸಿರು ಇನ್ನಷ್ಟು ಕಟ್ಟಿ, ಹಸಿವು ಇನ್ನಷ್ಟು ಕೆರಳುತ್ತದೆ. ಡಯಟ್ ಮೂರು ವಾರಕ್ಕೇ ಮುರಿದುಬಿದ್ದ ಪ್ರತಿಯೊಬ್ಬರೂ ಒಮ್ಮೆ ರಾತ್ರಿಯ ಕಡೆ ನೋಡಿ.

6. ಸ್ಲೀಪ್ ಸ್ಟಡಿ ಮಾಡಿಸಿ, ಮುಂದೂಡಬೇಡಿ

ನನಗೆ ಮೊದಲು ಒಬ್ಬ ಡಾಕ್ಟರು ವಿಟಮಿನ್ ಮಾತ್ರೆ ಕೊಟ್ಟು ಕಳಿಸಿದರು. ಆರು ತಿಂಗಳು ನುಂಗಿದೆ. ನೀವು ಸೀದಾ ಇಎನ್‌ಟಿ, ಶ್ವಾಸಕೋಶ ತಜ್ಞರು ಅಥವಾ ನಿದ್ರಾ ತಜ್ಞರ ಬಳಿ ಹೋಗಿ, ಫೋನಿನ ರೆಕಾರ್ಡಿಂಗ್ ಕೇಳಿಸಿ. ಪುಣೆಯಂಥ ಊರಿನಲ್ಲಿ ತಜ್ಞರಿಗೆ ಬರ ಇಲ್ಲ.

ಪರೀಕ್ಷೆ ಲ್ಯಾಬಿನಲ್ಲೂ ಆಗುತ್ತದೆ, ಅನೇಕರಿಗೆ ಮನೆಯಲ್ಲೇ ಮಾಡಲೂ ಬರುತ್ತದೆ. ಬೆರಳಿಗೊಂದು ಕ್ಲಿಪ್, ಮೂಗಿಗೊಂದು ಸಣ್ಣ ನಳಿಕೆ, ಎದೆಗೊಂದು ಪಟ್ಟಿ. ರಿಪೋರ್ಟಿನಲ್ಲಿ ಎಎಚ್‌ಐ ಅನ್ನುವ ಅಂಕಿ ಹುಡುಕಿ. ಗಂಟೆಗೆ ಎಷ್ಟು ಸಲ ಉಸಿರು ನಿಂತಿತು ಅಥವಾ ಕುಗ್ಗಿತು ಅನ್ನುವ ಲೆಕ್ಕ ಅದು. ವಯಸ್ಕರಲ್ಲಿ 5ರೊಳಗಿದ್ದರೆ ಸರಿ. 5ರಿಂದ 15 ಸೌಮ್ಯ, 15ರಿಂದ 30 ಮಧ್ಯಮ, 30 ದಾಟಿದರೆ ತೀವ್ರ. ನನ್ನದು 34.

‘ಗೊರಕೆಗೆಲ್ಲಾ ಟೆಸ್ಟಾ?’ ಅಂತ ಯಾರಾದರೂ ನಕ್ಕರೆ ಒಂದು ಹೆಸರು ಹೇಳಿ. ‘ಆಫ್ರಿಕಾದಲ್ಲಿ ಶೀಲಾ’ ಚಿತ್ರಕ್ಕೆ ಸಂಗೀತ ಕೊಟ್ಟ ಬಪ್ಪಿ ಲಹಿರಿ 2022ರ ಫೆಬ್ರವರಿಯಲ್ಲಿ ಮುಂಬೈಯಲ್ಲಿ ತೀರಿಕೊಂಡಾಗ ವೈದ್ಯರು ಹೇಳಿದ ಕಾರಣ ಸ್ಲೀಪ್ ಆಪ್ನಿಯಾ.

7. ಮೊದಲು ಉಸಿರು, ಆಮೇಲೆ ತೂಕ

‘ತೂಕ ಇಳಿಸಿ ಆಮೇಲೆ ನೋಡೋಣ’ ಅನ್ನುವ ಪ್ಲಾನ್ ಸೋಲುತ್ತದೆ. ನಿದ್ದೆಯಿಲ್ಲದವನು ತೂಕ ಇಳಿಸಲು ಹೊರಡುವುದು ಪೆಟ್ರೋಲಿಲ್ಲದ ಬೈಕಿನಲ್ಲಿ ಘಾಟಿ ಹತ್ತಲು ಹೊರಟ ಹಾಗೆ. ವೈದ್ಯರು ಸಿಪ್ಯಾಪ್ ಬರೆದರೆ ಹಾಕಿ. ಮಾಸ್ಕಿನ ಮೂಲಕ ಸಣ್ಣ ಒತ್ತಡದಲ್ಲಿ ಗಾಳಿ ಕಳಿಸಿ ಗಂಟಲು ಮುದುಡದಂತೆ ನೋಡಿಕೊಳ್ಳುವ ಯಂತ್ರ ಅದು. ಸಿಡ್ನಿಯ ಕಾಲಿನ್ ಸುಲಿವನ್ 1981ರಲ್ಲಿ ಐವರು ರೋಗಿಗಳ ಮೇಲೆ ಇದು ಕೆಲಸ ಮಾಡಿದ್ದನ್ನು ಪ್ರಕಟಿಸಿದರು. ಆರಂಭದ ಯಂತ್ರಕ್ಕೆ ವ್ಯಾಕ್ಯೂಮ್ ಕ್ಲೀನರಿನ ಮೋಟಾರು ಹಾಕಿದ್ದರಂತೆ. ಈಗಿನದು ಟಿಫಿನ್ ಡಬ್ಬಿಯಷ್ಟಿದೆ, ಸದ್ದೂ ಕಡಿಮೆ.

ಮೊದಲ ವಾರ ಹಿಂಸೆ. ಮೂಗಿನ ಮೇಲೆ ಗೆರೆ, ಬಾಯಿ ಒಣಗುವುದು, ನಡುರಾತ್ರಿ ಕಿತ್ತೆಸೆಯುವುದು. ಬಿಡಬೇಡಿ. ಸಂಜೆ ಟಿವಿ ನೋಡುತ್ತಾ ಅರ್ಧ ಗಂಟೆ ಮಾಸ್ಕ್ ಹಾಕಿ ಅಭ್ಯಾಸ ಮಾಡಿ. ಅಳತೆ ಸರಿಹೋಗದಿದ್ದರೆ ಮಾಸ್ಕ್ ಬದಲಿಸಿ. ರಾತ್ರಿಗೆ ಕನಿಷ್ಠ 4 ಗಂಟೆ, ವಾರದಲ್ಲಿ ಕನಿಷ್ಠ ಐದು ದಿನ: ಇಷ್ಟಾದರೆ ಪಾಸ್, ರ‍್ಯಾಂಕ್ ಬೇಕಾದರೆ ಇಡೀ ರಾತ್ರಿ. ನನಗೆ ಒಂಬತ್ತನೇ ದಿನ ಅಲಾರಾಂಗೆ ಮುಂಚೆ ಎಚ್ಚರವಾಯಿತು. ಏನು ಮಾಡುವುದು ಅಂತ ತಿಳಿಯದೆ ಪಾತ್ರೆ ತೊಳೆದೆ.

ಒಂದು ಎಚ್ಚರಿಕೆ. ಯಂತ್ರ ಹಾಕಿದ ಮಾತ್ರಕ್ಕೆ ತೂಕ ಇಳಿಯುವುದಿಲ್ಲ. ಕೆಲವರಲ್ಲಿ ಸ್ವಲ್ಪ ಏರಿದ್ದೂ ಅಧ್ಯಯನಗಳಲ್ಲಿ ಕಂಡಿದೆ. ಯಂತ್ರ ನಿಮಗೆ ಕೊಡುವುದು ಬೆಳಗಿನ ಶಕ್ತಿ. ಅದನ್ನು ಖರ್ಚು ಮಾಡುವುದು ನಿಮ್ಮ ಕೆಲಸ.

8. ಹತ್ತು ಪರ್ಸೆಂಟ್ ಟಾರ್ಗೆಟ್ ಇಟ್ಟುಕೊಳ್ಳಿ

ಸಿಕ್ಸ್ ಪ್ಯಾಕ್ ಮರೆತುಬಿಡಿ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ 690 ಜನರನ್ನು ನಾಲ್ಕು ವರ್ಷ ಗಮನಿಸಿದ ಅಧ್ಯಯನ 2000ದಲ್ಲಿ ಪ್ರಕಟವಾಯಿತು. ತೂಕ ಶೇ 10 ಏರಿದರೆ ಎಎಚ್‌ಐ ಸುಮಾರು ಶೇ 32 ಏರುತ್ತದೆ, ಶೇ 10 ಇಳಿದರೆ ಸುಮಾರು ಶೇ 26 ಇಳಿಯುತ್ತದೆ ಎಂದಿತು ಅದರ ಲೆಕ್ಕ. ಏರುವ ಏಟು ಇಳಿಯುವ ಲಾಭಕ್ಕಿಂತ ದೊಡ್ಡದು, ಗಮನಿಸಿ. ನಾನು ಹದಿನಾಲ್ಕು ತಿಂಗಳಲ್ಲಿ 92ರಿಂದ 83ಕ್ಕೆ ಬಂದೆ. ಎಎಚ್‌ಐ 34ರಿಂದ 25 ಆಯಿತು. ಪೂರ್ತಿ ಹೋಗಿಲ್ಲ, ಯಂತ್ರ ಇನ್ನೂ ಪಕ್ಕದಲ್ಲಿದೆ. ಆದರೆ ಬಿಪಿ ಮಾತ್ರೆಯ ಡೋಸ್ ಅನ್ನು ಡಾಕ್ಟರೇ ಇಳಿಸಿದರು.

ಪುಣೆಯಲ್ಲಿದ್ದುಕೊಂಡು ಜಿಮ್ ಫೀಸಿನ ನೆಪ ಹೇಳಬೇಡಿ. ಪರ್ವತಿ ಗುಡ್ಡಕ್ಕೆ 103 ಮೆಟ್ಟಿಲು, ಟಿಕೆಟ್ ಇಲ್ಲ. ಮೊದಲ ವಾರ ಒಂದು ಸಲ ಹತ್ತಿ, ನಡುವೆ ಎರಡು ಕಡೆ ಕೂತರೂ ಪರವಾಗಿಲ್ಲ. ಎಪ್ಪತ್ತು ದಾಟಿದ ಆಜೋಬಾಗಳು ನಿಮ್ಮನ್ನು ಹಿಂದೆ ಹಾಕಿ ಹೋಗುತ್ತಾರೆ, ನಾಚಿಕೆಯಾಗಲಿ, ಒಳ್ಳೆಯದು. ವೇತಾಳ ಟೇಕಡಿ ಹತ್ತಿರವಾದರೆ ಅಲ್ಲಿಗೆ ಹೋಗಿ. ಗುಡ್ಡ ಹತ್ತುವ ಮೊದಲು ಬಿಪಿ ತೋರಿಸಿಕೊಂಡಿರಿ.

ಊಟಕ್ಕೂ ಪರದೇಶದ ಸಲಾಡ್ ಬೇಕಿಲ್ಲ. ಜೋಳದ ರೊಟ್ಟಿ ಇಲ್ಲಿ ಭಾಕ್ರಿ ಅನ್ನುವ ಹೆಸರಿನಲ್ಲಿ ಮೂಲೆ ಮೂಲೆಯಲ್ಲಿ ಸಿಗುತ್ತದೆ. ಎರಡು ಭಾಕ್ರಿ, ಕಾಳಿನ ಪಲ್ಯ, ಮೊಸರು. ರಾತ್ರಿ ಊಟಕ್ಕೂ ಹಾಸಿಗೆಗೂ ಮೂರು ಗಂಟೆ ಅಂತರ ಇಡಿ. ಲೇಟ್ ಶಿಫ್ಟ್ ಇದ್ದರೆ ಏಳೂವರೆಗೇ ಡೆಸ್ಕಿನಲ್ಲಿ ಡಬ್ಬಿ ಬಿಚ್ಚಿ. ಆಗ ಹನ್ನೊಂದೂವರೆಯ ಬಾಣಲೆ ಅಷ್ಟು ಜೋರಾಗಿ ಕರೆಯುವುದಿಲ್ಲ. ಎಫ್.ಸಿ. ರೋಡಿನ ವೈಶಾಲಿಯನ್ನು ಬಿಡಿ ಅಂತ ನಾನು ಹೇಳುವುದಿಲ್ಲ. ನಮ್ಮ ಕರಾವಳಿಯಿಂದ ಬಂದ ಜಗನ್ನಾಥ ಶೆಟ್ಟರು ಬೆಳೆಸಿದ ಹೋಟೆಲು ಅದು, ಬಿಡುವುದಕ್ಕೆ ಮನಸ್ಸಾದರೂ ಹೇಗೆ ಬಂದೀತು. ಭಾನುವಾರ ಗುಡ್ಡ ಇಳಿದು ಹೋಗಿ, ಎಸ್‌ಪಿಡಿಪಿ ಚಾಟಿನ ಒಂದೇ ಪ್ಲೇಟನ್ನು ಇಬ್ಬರು ಹಂಚಿಕೊಳ್ಳಿ.

9. ಮಗ್ಗುಲಾಗಿ ಮಲಗಿ, ಶುಕ್ರವಾರದ ಗ್ಲಾಸು ಬೇಗ ಕೆಳಗಿಡಿ

ಅಂಗಾತ ಮಲಗಿದರೆ ನಾಲಿಗೆ ಹಿಂದಕ್ಕೆ ಜಾರುತ್ತದೆ. ಹಳೆಯ ಟೀ ಶರ್ಟಿನ ಬೆನ್ನಿಗೆ ಜೇಬು ಹೊಲಿಸಿ ಟೆನ್ನಿಸ್ ಬಾಲ್ ಹಾಕಿ, ಹೊರಳಿದಾಗ ಒತ್ತುತ್ತದೆ. ಕುಡಿತ ಗಂಟಲಿನ ಸ್ನಾಯುವನ್ನು ಇನ್ನಷ್ಟು ಸಡಿಲ ಮಾಡುತ್ತದೆ. ನಿದ್ದೆ ಮಾತ್ರೆಯನ್ನು ಡಾಕ್ಟರಿಗೆ ಹೇಳದೆ ಮುಟ್ಟಬೇಡಿ. ಸಿಗರೇಟಿಗೆ ಪ್ರತ್ಯೇಕ ಸೂತ್ರ ಬರೆಯುವುದಿಲ್ಲ, ನಿಮಗೇ ಗೊತ್ತು.

10. ಸ್ಟೇರಿಂಗ್ ಹಿಡಿಯುವ ಮುಂಚೆ ಎಪ್‌ವರ್ತ್ ನೋಡಿ

ಚಿಕಿತ್ಸೆಯಿಲ್ಲದ ಆಪ್ನಿಯಾ ಇರುವ ಚಾಲಕರಿಗೆ ಅಪಘಾತದ ಅಪಾಯ ಎರಡು ಪಟ್ಟಿಗೂ ಹೆಚ್ಚು. ದೀಪಾವಳಿಗೆ ಶುಕ್ರವಾರ ಕಾಲ್ ಮುಗಿಸಿ ರಾತ್ರಿ ಹತ್ತಕ್ಕೆ ಕಾರು ತೆಗೆದು, ಕಾತ್ರಜ್ ದಾಟಿ, ಖಂಬಾಟ್ಕಿ ಘಾಟ್ ಏರಿ, ಬೆಳಗಾಗುವುದರೊಳಗೆ ಊರು ಸೇರುವ ಶೂರತನ ನಮ್ಮ ಹುಡುಗರಲ್ಲಿ ಬಹಳ. ಅಂಕ ಹತ್ತು ದಾಟಿದ್ದರೆ ಕೀಲಿ ಬೇರೆಯವರಿಗೆ ಕೊಡಿ, ಇಲ್ಲವೇ ಬಸ್ಸು ಹತ್ತಿ. ಕಿಟಕಿ ಇಳಿಸುವುದು, ಹಾಡು ಜೋರು ಮಾಡುವುದು, ಕಡಲೆಬೀಜ ಅಗಿಯುವುದು ಯಾವುದೂ ನಿದ್ದೆಗೆ ಬದಲಿಯಲ್ಲ. ಇದರಲ್ಲಿ ರಾಜಿ ಬೇಡ.

11. ಇಂಜೆಕ್ಷನ್ ಸುದ್ದಿ ಕೇಳಿ ಮೆಡಿಕಲ್ ಶಾಪಿಗೆ ಓಡಬೇಡಿ

ಟಿರ್ಜೆಪಟೈಡ್ ಅನ್ನುವ ವಾರಕ್ಕೊಂದರ ಇಂಜೆಕ್ಷನ್‌ಗೆ 2024ರ ಡಿಸೆಂಬರಿನಲ್ಲಿ ಅಮೆರಿಕದ ಎಫ್‌ಡಿಎ, ಬೊಜ್ಜಿನ ಜೊತೆ ಮಧ್ಯಮದಿಂದ ತೀವ್ರ ಆಪ್ನಿಯಾ ಇರುವ ವಯಸ್ಕರಿಗಾಗಿ ಒಪ್ಪಿಗೆ ಕೊಟ್ಟಿತು. ಈ ಕಾಯಿಲೆಗೆಂದೇ ಒಪ್ಪಿಗೆ ಪಡೆದ ಮೊದಲ ಔಷಧ ಅದು. ಮೌಂಜಾರೊ ಹೆಸರಿನಲ್ಲಿ 2025ರಲ್ಲಿ ಭಾರತಕ್ಕೂ ಬಂತು. ಕೆಲವರಿಗೆ ಬೇಕಾಗಬಹುದು. ಯಾರಿಗೆ ಅನ್ನುವುದನ್ನು ಡಾಕ್ಟರು ಹೇಳಲಿ, ಆಫೀಸಿನ ವಾಟ್ಸ್‌ಆ್ಯಪ್ ಗ್ರೂಪ್ ಬೇಡ. ಜೊತೆಗೆ ಊಟ, ವ್ಯಾಯಾಮ ಇದ್ದೇ ಇರುತ್ತದೆ. ಗುಡ್ಡದ ಮೆಟ್ಟಿಲು ತಪ್ಪುವುದಿಲ್ಲ.

12. ಊರಿಗೆ ಹೋಗುವಾಗ ಯಂತ್ರ ಬಿಟ್ಟು ಹೋಗಬೇಡಿ

ಎರಡು ದಿನ ತಾನೇ ಅಂತ ಅನ್ನಿಸುತ್ತದೆ. ಯಂತ್ರವಿಲ್ಲದ ಮೊದಲ ರಾತ್ರಿಯಿಂದಲೇ ಉಸಿರು ಹಳೆಯ ಚಾಳಿಗೆ ಮರಳುತ್ತದೆ. ನೀರಿನ ಡಬ್ಬಿ ಖಾಲಿ ಮಾಡಿ, ಒರೆಸಿ ಪ್ಯಾಕ್ ಮಾಡಿ, ಇಲ್ಲದಿದ್ದರೆ ಯಂತ್ರದೊಳಗೆ ನೀರು ಹೋಗುತ್ತದೆ. ವಿಮಾನದಲ್ಲಾದರೆ ಕೈಚೀಲದಲ್ಲೇ ಇಟ್ಟುಕೊಳ್ಳಿ. ಡಾಕ್ಟರ ಚೀಟಿಯ ಫೋಟೊ ಫೋನಿನಲ್ಲಿರಲಿ.

ಊರಲ್ಲಿ ಎಲ್ಲರೂ ನೋಡುತ್ತಾರೆ. ನಮ್ಮ ಅಜ್ಜಿ ಮೊದಲ ಸಲ ಮಾಸ್ಕ್ ಕಂಡು “ಏನೋ ಇದು, ಗಣಪ್ಪನ ಸೊಂಡಿ ಕಟಗೊಂಡೀಯಲ್ಲೋ” ಅಂದಳು. ರಾತ್ರಿ ಎರಡು ಸಲ ಎದ್ದು ಬಂದು ನನ್ನ ಎದೆಯ ಮೇಲೆ ಕೈಯಿಟ್ಟು ನೋಡಿಹೋದಳಂತೆ. ಬೆಳಗ್ಗೆ ಚಹಾ ಕೊಡುತ್ತಾ ಕೇಳಿದ್ದು ಬೇರೆ: “ನಿಮ್ಮ ಅಪ್ಪಗೂ ಇಂಥದೊಂದು ತರಾಕ ಆಗತೈತೇನು?” ಅಪ್ಪನ ಗೊರಕೆ ಓಣಿಗೆಲ್ಲ ಗೊತ್ತು. ಮುಂದಿನ ತಿಂಗಳು ಅವರದೂ ಟೆಸ್ಟ್ ಆಯಿತು, ಎಎಚ್‌ಐ 41.

ಇನ್ನು ಸ್ವಾರಗೇಟಿನಿಂದ ಸ್ಲೀಪರ್ ಬಸ್ ಬುಕ್ ಮಾಡುವಾಗ ಬರ್ತ್ ಪಕ್ಕದ ಪ್ಲಗ್ ಪಾಯಿಂಟ್ ನಿಜವಾಗಿ ಕೆಲಸ ಮಾಡುತ್ತದೆಯೇ ಅಂತ ಫೋನ್ ಮಾಡಿ ಕೇಳಿ. ‘ಇದೆ ಸಾರ್’ ಅಂದರೆ ಸಾಲದು. ಮೊಬೈಲಿನ ಯುಎಸ್‌ಬಿಯಾ, ಮೂರು ಪಿನ್ನಿನದಾ ಅಂತ ಬಿಡಿಸಿ ಕೇಳಿ.